ಆಮಂತ್ರಣ ಪತ್ರಿಕೆಯಲ್ಲಿ ಇಲ್ಲದ ಹೆಸರು

(ಪದವಿ ಕಾಲೇಜೊಂದರ ಭಾಷಾ ಸಂಘದ ಉದ್ಘಾಟನಾ ಸಮಾರಂಭದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪೂರ್ಣಪಾಠ)



ವೇದಿಕೆಯ ಮೇಲೆ ಕುಳಿತು ನನಗೆ ರೂಢಿಯಿಲ್ಲ. ಸಭಾಂಗಣದ ಒಂದು ಮೂಲೆಯಲ್ಲಿ ‘ಪತ್ರಕರ್ತರಿಗೆ’ ಎಂದು ಚೀಟಿ ಅಂಟಿಸಿದ ಎರಡು ಕುರ್ಚಿ ಹಾಕಿರುತ್ತಾರಲ್ಲ, ನನ್ನ ಜಾಗ ಅದು. ಇವತ್ತು ಅಲ್ಲಿ ಕುಳಿತಿರುವ ನನ್ನ ವೃತ್ತಿಬಾಂಧವರು ಈ ಭಾಷಣವನ್ನು ಮೂರು ವಾಕ್ಯಕ್ಕೆ ಇಳಿಸುತ್ತಾರೆಂದು ನನಗೆ ಗೊತ್ತು. ಎಷ್ಟೋ ಹಿರಿಯರ ಭಾಷಣಗಳಿಗೆ ನಾನೂ ಅದೇ ಗತಿ ಕಾಣಿಸಿದ್ದೇನೆ.

ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಒಪ್ಪಿಸಿದ್ದು ‘ಇಂದಿನ ಕಾರ್ಯಕ್ರಮಗಳು’ ಎಂಬ ಪುಟ್ಟ ಅಂಕಣ. ಮೇಜಿನ ಮೇಲೆ ದಿನವೂ ಒಂದು ಕಟ್ಟು ಆಮಂತ್ರಣ ಪತ್ರಿಕೆ. ವಿಚಾರ ಸಂಕಿರಣ, ಕವಿಗೋಷ್ಠಿ, ಪುಸ್ತಕ ಬಿಡುಗಡೆ, ದತ್ತಿ ಉಪನ್ಯಾಸ. ಉದ್ಘಾಟನೆ ಇಂಥವರು, ಅಧ್ಯಕ್ಷತೆ ಇಂಥವರು, ಸ್ಥಳ, ವೇಳೆ. ಒಂದು ಸಂಜೆ ಒಂದೇ ಹೊತ್ತಿಗೆ ಎರಡು ಕಾರ್ಯಕ್ರಮಗಳಿದ್ದವು. ಒಂದಕ್ಕೆ ಹೋದೆ. ಇನ್ನೊಂದರ ವರದಿಯನ್ನು ಆಮಂತ್ರಣ ಪತ್ರಿಕೆ ನೋಡಿಕೊಂಡೇ ಬರೆದೆ. ಮರುದಿನ ಬೆಳಿಗ್ಗೆ ಫೋನು ಬಂತು. ‘ಅರ್ಥಪೂರ್ಣವಾಗಿ ಮಾತನಾಡಿದರು’ ಎಂದು ನಾನು ಬರೆದಿದ್ದ ಮುಖ್ಯ ಅತಿಥಿ ಅಲ್ಲಿಗೆ ಬಂದೇ ಇರಲಿಲ್ಲ. ಕೊನೆಯ ಗಳಿಗೆಯಲ್ಲಿ ಅವರನ್ನು ಕೈಬಿಟ್ಟಿದ್ದರು.

ನಮ್ಮ ಮುಖ್ಯ ಉಪಸಂಪಾದಕರು ಬೈಯಲಿಲ್ಲ. ‘ತಿದ್ದುಪಡಿ ಹಾಕು. ಆಮೇಲೆ ಅವರನ್ನು ಯಾಕೆ ಕೈಬಿಟ್ಟರು ಅಂತ ಕೇಳಿಕೊಂಡು ಬಾ. ಯಾರು ಬಂದಿದ್ದರು ಅನ್ನೋದು ಬರೀ ವರದಿ. ಬರಬೇಕಾದವರು ಯಾಕೆ ಬರಲಿಲ್ಲ ಅನ್ನೋದು ಸುದ್ದಿ’ ಎಂದರು. ತಿದ್ದುಪಡಿ ಹಾಕಿದೆ. ಕೇಳಿಕೊಂಡು ಬರಲು ಮಾತ್ರ ಹೋಗಲಿಲ್ಲ. ಸಂಕೋಚ ಅಡ್ಡ ಬಂತು.

‘ಭಾಷಾ ವಿಭಾಗಕ್ಕೆ ಕಾರ್ಯಕ್ರಮಗಳು ಯಾಕೆ ಬೇಕು?’ ಎಂಬ ವಿಷಯವನ್ನು ನಿಮ್ಮ ಅಧ್ಯಾಪಕರು ಕೊಟ್ಟಾಗ ನನಗೆ ಆ ಮಾತು ನೆನಪಾಯಿತು. ಉತ್ತರ ಹುಡುಕುತ್ತ ನಾನು ಹೋಗಿ ತಲುಪಿದ್ದು ಜರ್ಮನಿಗೆ. ಅಲ್ಲಿನ ವಿಶ್ವವಿದ್ಯಾಲಯಗಳ ಜರ್ಮನ್ ವಿಭಾಗಗಳಿಗೆ. ಸ್ವಂತ ನುಡಿಯನ್ನು ಓದಿಸುವ ಒಂದು ವಿಭಾಗ ಎಷ್ಟು ಎತ್ತರಕ್ಕೆ ಏರಬಲ್ಲದು, ಎಷ್ಟು ಕೆಳಕ್ಕೆ ಜಾರಬಲ್ಲದು ಎಂಬ ಎರಡನ್ನೂ ಅಲ್ಲಿ ಕಾಣಬಹುದು. ಆ ಏರಿಳಿತ ಕಾಣುವುದು ಪಠ್ಯಪುಸ್ತಕಗಳಲ್ಲಿ ಅಲ್ಲ, ಸಭೆ ಸಮಾರಂಭಗಳಲ್ಲಿ.

ಸೆಮಿನಾರ್ ಎಂದರೆ ಊಟವಲ್ಲ

ಜರ್ಮನ್ ಭಾಷೆ ಮತ್ತು ಸಾಹಿತ್ಯದ ಅಧ್ಯಯನಕ್ಕೆ ಅಲ್ಲಿ ‘ಗೆರ್ಮಾನಿಸ್ಟಿಕ್’ ಎನ್ನುತ್ತಾರೆ. ಸಾಮಾನ್ಯವಾಗಿ ಅದರೊಳಗೆ ಮೂರು ಕವಲು: ಹಳೆಯ ಭಾಷೆ ಮತ್ತು ಸಾಹಿತ್ಯ, ಹೊಸ ಸಾಹಿತ್ಯ, ಭಾಷಾವಿಜ್ಞಾನ. ನಮ್ಮಲ್ಲಿ ಸೆಮಿನಾರ್ ಎಂದರೆ ಬ್ಯಾನರು, ಹಾರ, ಮಧ್ಯಾಹ್ನದ ಊಟ, ಕೊನೆಗೆ ಪ್ರಮಾಣಪತ್ರ. ಅಲ್ಲಿ ಸೆಮಿನಾರ್ ಎಂದರೆ ವಾರ ವಾರವೂ ಹತ್ತಿಪ್ಪತ್ತು ಮಂದಿ ಮೇಜಿನ ಸುತ್ತ ಕುಳಿತು ಒಂದೇ ಪಠ್ಯವನ್ನು ಅಗೆಯುವ ಕೆಲಸ. ಜರ್ಮನ್ ಭಾಷೆಗಾಗಿ ಇಂಥ ಮೊದಲ ಸೆಮಿನಾರ್ ಆರಂಭವಾದದ್ದು 1858ರಲ್ಲಿ, ರೋಸ್ಟಾಕ್ ವಿಶ್ವವಿದ್ಯಾಲಯದಲ್ಲಿ.

ಇದರ ಹೊರಗೆ ಸಾರ್ವಜನಿಕ ಕಾರ್ಯಕ್ರಮಗಳಿವೆ. ಹೊಸ ಪ್ರಾಧ್ಯಾಪಕರು ಪೀಠವೇರುವಾಗ ಕೊಡುವ ಪ್ರವೇಶ ಉಪನ್ಯಾಸ, ನಿವೃತ್ತರಾಗುವಾಗ ಕೊಡುವ ವಿದಾಯ ಉಪನ್ಯಾಸ. ಒಂದೇ ವಿಷಯದ ಮೇಲೆ ವಾರಕ್ಕೊಬ್ಬರಂತೆ ಬೇರೆ ಬೇರೆ ವಿದ್ವಾಂಸರು ಮಾತನಾಡುವ ಸರಣಿ ಉಪನ್ಯಾಸ. ಅದಕ್ಕೆ ಊರಿನವರೂ ಬಂದು ಕೂರಬಹುದು. ಲೇಖಕರು ಬಂದು ತಮ್ಮ ಕೃತಿಯನ್ನು ಓದುವ ಸಂಜೆಗಳೂ ಉಂಟು. ಉಪನ್ಯಾಸ ಮುಗಿದ ಮೇಲೆ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ.

ಇದಿಷ್ಟೇ ಆಗಿದ್ದರೆ ಇವು ಮೂರು ವಾಕ್ಯದ ವರದಿಗೆ ತಕ್ಕ ಸಂಗತಿಗಳೇ. ಆದರೆ ಈ ವಿಭಾಗದ ಕಥೆ ಶುರುವಾಗುವುದೇ ಒಂದು ಪ್ರತಿಭಟನೆಯಿಂದ.

ಏಳು ಮಂದಿ ಮತ್ತು ಒಂದು ನಿಘಂಟು

ಗ್ರಿಮ್ ಸೋದರರ ಹೆಸರು ನಿಮಗೆ ಗೊತ್ತು. ಚಿಕ್ಕಂದಿನಲ್ಲಿ ಓದಿದ ಕಿನ್ನರ ಕಥೆಗಳ ಗ್ರಿಮ್ ಸೋದರರು. ಯಾಕೋಬ್ ಮತ್ತು ವಿಲ್ಹೆಲ್ಮ್ ಇಬ್ಬರೂ ಗೊಟ್ಟಿಂಗೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದರು. 1837ರಲ್ಲಿ ಹ್ಯಾನೋವರ್ ರಾಜ್ಯದ ಹೊಸ ದೊರೆ ಎರ್ನ್ಸ್ಟ್ ಆಗುಸ್ಟ್, ನಾಲ್ಕು ವರ್ಷಗಳ ಹಿಂದಷ್ಟೇ ಜಾರಿಗೆ ಬಂದಿದ್ದ ಸಂವಿಧಾನವನ್ನು ರದ್ದು ಮಾಡಿದ. ‘ನಾವು ಆ ಸಂವಿಧಾನಕ್ಕೆ ಪ್ರಮಾಣ ಮಾಡಿದವರು. ದೊರೆ ಬದಲಾದ ಮಾತ್ರಕ್ಕೆ ಪ್ರಮಾಣ ಮುರಿಯಲಾರೆವು’ ಎಂಬ ಅರ್ಥದ ಪತ್ರಕ್ಕೆ ಏಳು ಪ್ರಾಧ್ಯಾಪಕರು ಸಹಿ ಹಾಕಿದರು. ಗ್ರಿಮ್ ಸೋದರರಿಬ್ಬರೂ ಅದರಲ್ಲಿದ್ದರು. ಏಳು ಮಂದಿಯೂ ಕೆಲಸ ಕಳೆದುಕೊಂಡರು. ಯಾಕೋಬ್ ಸೇರಿದಂತೆ ಮೂವರಿಗೆ ಮೂರು ದಿನದೊಳಗೆ ರಾಜ್ಯ ಬಿಟ್ಟು ಹೋಗುವಂತೆ ಆಜ್ಞೆಯಾಯಿತು. ಅವರಿಗಾಗಿ ಜನ ಚಂದಾ ಎತ್ತಿದರು.

ಕೆಲಸವಿಲ್ಲದೆ ಕುಳಿತ ಆ ಸೋದರರ ಬಳಿಗೆ 1838ರಲ್ಲಿ ಪ್ರಕಾಶಕರೊಬ್ಬರು ಬಂದು ಜರ್ಮನ್ ಭಾಷೆಯ ದೊಡ್ಡ ನಿಘಂಟು ಮಾಡಿಕೊಡಿ ಎಂದರು. ಮೊದಲ ಸಂಪುಟ ಹೊರಬಂದದ್ದು 1854ರಲ್ಲಿ. ಯಾಕೋಬ್ ಗ್ರಿಮ್ 1863ರಲ್ಲಿ ತೀರಿಕೊಂಡಾಗ ಅವರು ‘ಫ್ರುಖ್ಟ್’ ಎಂಬ ಪದದಲ್ಲಿದ್ದರು. ಫ್ರುಖ್ಟ್ ಎಂದರೆ ಹಣ್ಣು. ಆ ಹಣ್ಣು ಪೂರ್ತಿ ಮಾಗಲು ಇನ್ನೂ ಸುಮಾರು ನೂರು ವರ್ಷ ಬೇಕಾಯಿತು. 32 ಭಾಗಗಳ ನಿಘಂಟು ಮುಗಿದದ್ದು 1961ರಲ್ಲಿ. ದೇಶ ಇಬ್ಭಾಗವಾಗಿದ್ದರೂ ಪೂರ್ವ ಬರ್ಲಿನ್ ಮತ್ತು ಪಶ್ಚಿಮದ ಗೊಟ್ಟಿಂಗೆನ್ನಿನ ಪಂಡಿತರು ಕೂಡಿಯೇ ಅದನ್ನು ಮುಗಿಸಿದರು. ಬರ್ಲಿನ್ ಗೋಡೆ ಎದ್ದದ್ದೂ ಅದೇ ವರ್ಷ.

1846ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನಲ್ಲಿ ‘ಗೆರ್ಮಾನಿಸ್ಟ್’ರ ಮೊದಲ ಸಮ್ಮೇಳನ ನಡೆಯಿತು. ಭಾಷೆಯವರಷ್ಟೇ ಅಲ್ಲ, ಕಾನೂನು ಮತ್ತು ಇತಿಹಾಸದ ಪಂಡಿತರೂ ಸೇರಿದ್ದರು. ಅಧ್ಯಕ್ಷತೆ ಯಾಕೋಬ್ ಗ್ರಿಮ್. ಆಗ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ, ಮೂವತ್ತಕ್ಕೂ ಹೆಚ್ಚು ರಾಜ್ಯಗಳಿದ್ದವು. ಒಂದೇ ಭಾಷೆಯನ್ನಾಡುವವರೆಲ್ಲರೂ ಒಂದು ಜನತೆ ಎಂಬ ವ್ಯಾಖ್ಯೆಯನ್ನು ಗ್ರಿಮ್ ಅಲ್ಲಿ ಮುಂದಿಟ್ಟರು. ಭಾಷಾವಾರು ಪ್ರಾಂತ್ಯದ ಹೋರಾಟ ಕಂಡ ನಾಡಿನ ನಮಗೆ ಈ ಮಾತು ಹೊಸದಲ್ಲ.

ಕೇಳಲು ಸೊಗಸಾದ ವ್ಯಾಖ್ಯೆ ಅದು. ಆದರೆ ಅದರಲ್ಲಿ ಒಂದು ಪ್ರಶ್ನೆ ಉಳಿದುಕೊಂಡಿತ್ತು. ಯಾರು ಆ ಭಾಷೆಯವರು, ಯಾರು ಅಲ್ಲ ಎಂದು ಹೇಳುವ ಅಧಿಕಾರ ಯಾರದು? ಒಂದು ಶತಮಾನ ತುಂಬುವ ಮೊದಲೇ ಅದಕ್ಕೆ ಭಯಂಕರವಾದ ಉತ್ತರ ಬಂತು.

ಬೆಂಕಿಯ ಎದುರು ಇಬ್ಬರು ಡಾಕ್ಟರುಗಳು

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್ ತಿಂಗಳಲ್ಲಿ ಜರ್ಮನ್ ವಿದ್ಯಾರ್ಥಿಗಳ ಒಕ್ಕೂಟ ವಿಶ್ವವಿದ್ಯಾಲಯಗಳಲ್ಲಿ 12 ಅಂಶಗಳ ಭಿತ್ತಿಪತ್ರ ಅಂಟಿಸಿತು. ಯಹೂದಿಗಳ ಬರಹ ಜರ್ಮನ್ ಭಾಷೆಯಲ್ಲಿ ಪ್ರಕಟವಾದರೆ ಅದನ್ನು ಅನುವಾದವೆಂದು ನಮೂದಿಸಬೇಕು ಎಂಬುದೂ ಅದರಲ್ಲೊಂದು. ಸ್ವಲ್ಪ ಯೋಚಿಸಿ ನೋಡಿ. ತಲೆಮಾರುಗಳಿಂದ ಮನೆಯಲ್ಲಿ ಅದೇ ನುಡಿಯನ್ನಾಡಿದವರು. ಅದರಲ್ಲೇ ಜೋಗುಳ ಕೇಳಿದವರು. ಅವರಿಗೆ ‘ಇದು ನಿನ್ನ ಭಾಷೆಯಲ್ಲ, ನೀನು ಬರೆದದ್ದು ಅನುವಾದ’ ಎಂದು ಹೇಳಿದರು. ಭಾಷೆಯನ್ನಾಡುವವರೆಲ್ಲ ಒಂದು ಜನತೆ ಎಂಬ ಮಾತು ಹೋಗಿ, ರಕ್ತ ನೋಡಿ ಭಾಷೆ ಕೊಡುವ ಕಾಲ ಬಂದಿತ್ತು.

ಮೇ 10ರ ರಾತ್ರಿ ಇಪ್ಪತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯ ನಗರಗಳಲ್ಲಿ ಪುಸ್ತಕಗಳನ್ನು ಸುಟ್ಟರು. ಇದನ್ನು ಪುಂಡರ ಕೆಲಸ ಎಂದುಕೊಳ್ಳಬೇಡಿ. ಇದೂ ಒಂದು ವಿಶ್ವವಿದ್ಯಾಲಯದ ‘ಕಾರ್ಯಕ್ರಮ’ವೇ. ಮೆರವಣಿಗೆ ಇತ್ತು, ಪಂಜುಗಳಿದ್ದವು, ಭಾಷಣಕಾರರಿದ್ದರು. ಭಾಷಣಕಾರರು ಯಾರು? ಬಾನ್ ನಗರದಲ್ಲಿ ಜರ್ಮನ್ ಪ್ರಾಧ್ಯಾಪಕ ಹಾನ್ಸ್ ನೌಮನ್. ಗೊಟ್ಟಿಂಗೆನ್ನಿನಲ್ಲಿ ಕುಲಪತಿ ಫ್ರೀಡ್ರಿಕ್ ನಾಯ್ಮನ್ ಮತ್ತು ಯುವ ಅಧ್ಯಾಪಕ ಗೆರ್ಹಾರ್ಡ್ ಫ್ರಿಕೆ. ಅವರಿಬ್ಬರದೂ ಜರ್ಮನ್ ವಿಷಯವೇ. ಗ್ರಿಮ್ ಸೋದರರು ಪ್ರಮಾಣ ಮುರಿಯಲಾರೆವೆಂದು ಕೆಲಸ ಕಳೆದುಕೊಂಡ ಅದೇ ಗೊಟ್ಟಿಂಗೆನ್. ಸುಟ್ಟವುಗಳಲ್ಲಿ ಹೈನೆ ಕವಿಯ ಪುಸ್ತಕಗಳೂ ಇದ್ದವು. 1825ರಲ್ಲಿ ಆತನಿಗೆ ಡಾಕ್ಟರೇಟ್ ಕೊಟ್ಟದ್ದೂ ಗೊಟ್ಟಿಂಗೆನ್ ವಿಶ್ವವಿದ್ಯಾಲಯವೇ.

ಬರ್ಲಿನ್ನಿನಲ್ಲಿ ವಿಶ್ವವಿದ್ಯಾಲಯದ ಎದುರಿನ ಚೌಕದಲ್ಲಿ ಸುಮಾರು 20 ಸಾವಿರ ಪುಸ್ತಕಗಳಿಗೆ ಬೆಂಕಿ ಬಿತ್ತು. ಅಲ್ಲಿ ಭಾಷಣ ಮಾಡಿದವನು ಪ್ರಚಾರ ಸಚಿವ ಗೋಬೆಲ್ಸ್. ಅವನ ಹೆಸರಿನ ಹಿಂದೆ ‘ಡಾಕ್ಟರ್’ ಇತ್ತು. ಯಾವುದರ ಡಾಕ್ಟರೇಟ್ ಗೊತ್ತೇ? ಜರ್ಮನ್ ಸಾಹಿತ್ಯದ್ದು. 1921ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ, ವಿಲ್ಹೆಲ್ಮ್ ಫಾನ್ ಶ್ಯೂಟ್ಸ್ ಎಂಬ ನಾಟಕಕಾರನ ಮೇಲೆ ಪ್ರಬಂಧ ಬರೆದು ಪಡೆದದ್ದು. ಮಾರ್ಗದರ್ಶನ ಮಾಡಿದ ಪ್ರಾಧ್ಯಾಪಕ ಮಾಕ್ಸ್ ಫಾನ್ ವಾಲ್ಡ್‌ಬರ್ಗ್ ಯಹೂದಿ ಮೂಲದವರು.

ಆ ರಾತ್ರಿ ಅದೇ ಗುಂಪಿನಲ್ಲಿ ಇನ್ನೊಬ್ಬರು ನಿಂತಿದ್ದರು. ಮಕ್ಕಳ ಪತ್ತೇದಾರಿ ಕಥೆ ‘ಎಮಿಲ್’ ಬರೆದು ಹೆಸರಾಗಿದ್ದ ಎರಿಕ್ ಕೆಸ್ಟ್ನರ್. ಬೆಂಕಿಗೆ ಎಸೆಯುವಾಗ ವಿದ್ಯಾರ್ಥಿಗಳು ಕೂಗಿ ಹೇಳಿದ ಹೆಸರುಗಳಲ್ಲಿ ಅವರದೂ ಇತ್ತು. ತಮ್ಮ ಪುಸ್ತಕ ಉರಿಯುವುದನ್ನು ಅವರು ಕಣ್ಣಾರೆ ಕಂಡರು. ಕೆಸ್ಟ್ನರ್ ಕೂಡ ಡಾಕ್ಟರೇ. ಅವರದೂ ಜರ್ಮನ್ ಸಾಹಿತ್ಯ. 1925, ಲೈಪ್‌ಜಿಗ್ ವಿಶ್ವವಿದ್ಯಾಲಯ.

ಒಂದೇ ಬೆಂಕಿ, ಒಂದೇ ವಿಷಯದ ಇಬ್ಬರು ಡಾಕ್ಟರುಗಳು. ಸಾಹಿತ್ಯ ಓದಿದವರು ತಾವಾಗಿಯೇ ಸಜ್ಜನರಾಗುತ್ತಾರೆ ಎಂದು ನಾವು ವೇದಿಕೆಗಳ ಮೇಲೆ ಹೇಳುತ್ತಲೇ ಇರುತ್ತೇವೆ. ಹಾಗೆ ಹೇಳುವ ಮುನ್ನ ಈ ರಾತ್ರಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಇಂದು ಆ ಚೌಕದಲ್ಲಿ ಮಿಖಾ ಉಲ್ಮನ್ ಎಂಬ ಇಸ್ರೇಲಿ ಶಿಲ್ಪಿ 1995ರಲ್ಲಿ ಮಾಡಿದ ಸ್ಮಾರಕವಿದೆ. ನೆಲದಲ್ಲಿ ಒಂದು ಗಾಜಿನ ಕಿಂಡಿ. ಬಗ್ಗಿ ನೋಡಿದರೆ ಕೆಳಗೊಂದು ಕೋಣೆ, ಸುತ್ತಲೂ ಬಿಳಿಯ ಕಪಾಟುಗಳು. 20 ಸಾವಿರ ಪುಸ್ತಕ ಹಿಡಿಸುವಷ್ಟು ಜಾಗ. ಒಂದೂ ಪುಸ್ತಕವಿಲ್ಲ.

ಕೊಟ್ಟ ಗೌರವ, ಕಿತ್ತುಕೊಂಡ ಗೌರವ

ವಿಶ್ವವಿದ್ಯಾಲಯಗಳ ಸಮಾರಂಭಗಳಲ್ಲಿ ನಾವು ವರದಿಗಾರರು ತಪ್ಪದೆ ಹೋಗುವುದು ಗೌರವ ಡಾಕ್ಟರೇಟ್ ಪ್ರದಾನಕ್ಕೆ. ಈ ಬಗ್ಗೆ ಎರಡು ಕಥೆ ಹೇಳುತ್ತೇನೆ. ಮೊದಲನೆಯದು ನಮ್ಮದೇ.

ಪ್ರತಿ ಜುಲೈ 1ರಂದು ನಾವು ಪತ್ರಿಕಾ ದಿನ ಆಚರಿಸುತ್ತೇವೆ. 1843ರ ಆ ದಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅದು ಕನ್ನಡದ ಮೊದಲ ಪತ್ರಿಕೆ. ನಾನು ಉಣ್ಣುವ ಅನ್ನದ ಮೊದಲ ಅಗುಳು ಎನ್ನಿ. ಮೊಗ್ಲಿಂಗ್ ಓದಿದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ. ಅವರು ನಮ್ಮ ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಸಂಗ್ರಹಿಸಿ ‘ಬಿಬ್ಲಿಯಾಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದ್ದಕ್ಕಾಗಿ 1858ರಲ್ಲಿ ಅದೇ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದ ಫರ್ಡಿನಾಂಡ್ ಕಿಟೆಲ್ ಅವರಿಗೂ 1896ರಲ್ಲಿ ಟ್ಯೂಬಿಂಗೆನ್ ಅದೇ ಗೌರವ ಕೊಟ್ಟಿತು. ಇವರು ಬಂದದ್ದು ಮತಪ್ರಚಾರಕ್ಕೆ, ನಿಜ. ಆದರೆ ವಿಶ್ವವಿದ್ಯಾಲಯ ಮೆಚ್ಚಿದ್ದು, ಸಾವಿರಾರು ಮೈಲಿ ದೂರದ ಬೇರೊಬ್ಬರ ನುಡಿಗಾಗಿ ಅವರು ಸವೆಸಿದ ಆಯುಷ್ಯವನ್ನು.

ಎರಡನೆಯ ಕಥೆ ಬಾನ್ ವಿಶ್ವವಿದ್ಯಾಲಯದ್ದು. ಕಾದಂಬರಿಕಾರ ಥಾಮಸ್ ಮನ್ ಅವರಿಗೆ ಅದು 1919ರಲ್ಲಿ ಗೌರವ ಡಾಕ್ಟರೇಟ್ ನೀಡಿತ್ತು. 1929ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ನಾಜಿಗಳು ಬಂದ ಮೇಲೆ ಮನ್ ದೇಶಕ್ಕೆ ಮರಳಲಿಲ್ಲ. 1936ರ ಡಿಸೆಂಬರಿನಲ್ಲಿ ಸರ್ಕಾರ ಅವರ ಪೌರತ್ವ ಕಿತ್ತುಕೊಂಡಿತು. ಅದೇ ತಿಂಗಳ 19ರಂದು ಬಾನ್ ವಿಶ್ವವಿದ್ಯಾಲಯದಿಂದ ಪುಟ್ಟ ಪತ್ರವೊಂದು ಹೊರಟಿತು. ತಮ್ಮ ಹೆಸರನ್ನು ಗೌರವ ಡಾಕ್ಟರುಗಳ ಪಟ್ಟಿಯಿಂದ ತೆಗೆಯಲಾಗಿದೆ, ಇನ್ನು ಆ ಬಿರುದು ಬಳಸುವಂತಿಲ್ಲ ಎಂಬುದು ಅದರ ಸಾರ. ಸಹಿ ಹಾಕಿದ ಡೀನ್ ಓಬೆನೌವರ್ ಸ್ವತಃ ಜರ್ಮನ್ ಸಾಹಿತ್ಯದ ಪ್ರಾಧ್ಯಾಪಕ.

ಮನ್ ಸ್ವಿಟ್ಜರ್ಲೆಂಡಿನಿಂದ 1937ರ ಹೊಸ ವರ್ಷದ ದಿನ ಉತ್ತರ ಬರೆದರು. ಜರ್ಮನಿಯನ್ನು ಈ ಆಡಳಿತ ಎಲ್ಲಿಗೆ ಒಯ್ಯುತ್ತಿದೆ, ಅದು ಯುದ್ಧಕ್ಕಲ್ಲದೆ ಇನ್ನಾವುದಕ್ಕೆ ಎಂದು ಕೇಳಿದರು. ಎರಡೂ ಪತ್ರಗಳು ಪುಸ್ತಿಕೆಯಾಗಿ ಜ್ಯೂರಿಕ್‌ನಲ್ಲಿ ಪ್ರಕಟವಾದವು. ಹಳೆಯ ಕವಿಗಳ ಪತ್ರಸಂಗ್ರಹ ಎಂಬ ಸುಳ್ಳು ರಕ್ಷಾಪುಟ ಹೊದ್ದು ಜರ್ಮನಿಯೊಳಗೂ ಗುಟ್ಟಾಗಿ ಹರಿದಾಡಿದವು. ಬಾನ್ ಆ ಡಾಕ್ಟರೇಟನ್ನು ಮರಳಿ ಕೊಟ್ಟದ್ದು ಯುದ್ಧ ಮುಗಿದ ಮೇಲೆ, 1946ರ ಡಿಸೆಂಬರಿನಲ್ಲಿ.

ಪರರ ನುಡಿಗೆ ದುಡಿದವರನ್ನು ಕರೆದು ಗೌರವಿಸುವುದು ಒಂದು ಹೊತ್ತು. ಸ್ವಂತ ನುಡಿಯ ದೊಡ್ಡ ಲೇಖಕನ ಹೆಸರಿನ ಮೇಲೆ ಗೆರೆ ಎಳೆಯುವುದು ಇನ್ನೊಂದು ಹೊತ್ತು. ನಡುವೆ ನಲವತ್ತೇ ವರ್ಷ.

ಇಪ್ಪತ್ತು ವರ್ಷಗಳ ಮೌನ

1945ರಲ್ಲಿ ಯುದ್ಧ ಮುಗಿಯಿತು. ವಿಶ್ವವಿದ್ಯಾಲಯಗಳು ಮತ್ತೆ ತೆರೆದವು. ಜರ್ಮನ್ ವಿಭಾಗಗಳೂ ತೆರೆದವು. ಆದರೆ ಮೇಜಿನ ಆಚೆ ಕುಳಿತವರು ಬಹುಮಟ್ಟಿಗೆ ಹಳಬರೇ. ಗೊಟ್ಟಿಂಗೆನ್ನಿನಲ್ಲಿ ಬೆಂಕಿಯ ದಿನ ಮಾತನಾಡಿದ ಫ್ರಿಕೆ ಕೂಡ ಮುಂದೆ ಕಲೋನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1949ರಲ್ಲಿ ಗಯಟೆ ಕವಿಯ ಇನ್ನೂರನೆಯ ಹುಟ್ಟುಹಬ್ಬ. ಎಲ್ಲೆಲ್ಲೂ ಉತ್ಸವ. ನಾವು ಗಯಟೆಯ ನಾಡಿನವರು, ಆ ಹನ್ನೆರಡು ವರ್ಷ ಒಂದು ಕೆಟ್ಟ ಕನಸು ಎಂಬ ಧಾಟಿ. ಆಗ ಕಲೋನ್‌ನಲ್ಲಿ ರಿಖಾರ್ಡ್ ಆಲೆವಿನ್ ಎಂಬ ಪ್ರಾಧ್ಯಾಪಕರು ಎದ್ದು ನಿಂತು, ಗಯಟೆಯನ್ನು ಮುಂದೊಡ್ಡಿ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದು ಎಚ್ಚರಿಸಿದರು. ಗಯಟೆ ಬಾಳಿ ಬದುಕಿದ ವೈಮಾರ್ ನಗರದ ಪಕ್ಕದ ಗುಡ್ಡದ ಮೇಲೆಯೇ ಬೂಖನ್‌ವಾಲ್ಡ್ ಯಾತನಾ ಶಿಬಿರವಿತ್ತು. ಹೀಗೆ ಹೇಳುವ ಹಕ್ಕು ಆಲೆವಿನ್ ಅವರಿಗಿತ್ತು. ಅಜ್ಜಿಯೊಬ್ಬರು ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ಹೈಡೆಲ್‌ಬರ್ಗ್‌ನ ಹುದ್ದೆ ಕಳೆದುಕೊಂಡು ದೇಶ ಬಿಟ್ಟವರು ಅವರು. ಬೇರೆಯವರು ಉತ್ಸವ ಮುಂದುವರಿಸಿದರು.

ಮೌನ ಮುರಿದದ್ದು ಯಾರು ಎಂದು ಕೇಳಿದರೆ ನಿಮಗೆ ಸಂತೋಷವಾಗಬಹುದು. ಒಂದು ವಿದ್ಯಾರ್ಥಿ ಪತ್ರಿಕೆ. ಟ್ಯೂಬಿಂಗೆನ್ನಿನ ವಿದ್ಯಾರ್ಥಿಗಳು ‘ನೋಟಿಟ್ಸೆನ್’, ಅಂದರೆ ಟಿಪ್ಪಣಿಗಳು, ಎಂಬ ಪತ್ರಿಕೆ ನಡೆಸುತ್ತಿದ್ದರು. 1964ರ ಫೆಬ್ರುವರಿ ಸಂಚಿಕೆಯಲ್ಲಿ ಅವರು ತಮ್ಮ ಪ್ರಾಧ್ಯಾಪಕರು ನಾಜಿ ಕಾಲದಲ್ಲಿ ಏನೇನು ಬರೆದಿದ್ದರು ಎಂಬುದನ್ನು ತೆಗೆದು ಮುಂದಿಟ್ಟರು. ದೊಡ್ಡ ಗದ್ದಲವಾಯಿತು. ಆಗ ವಿಶ್ವವಿದ್ಯಾಲಯ ಹುಡುಗರ ಬಾಯಿ ಮುಚ್ಚಿಸಿ ಸುಮ್ಮನಾಗಲಿಲ್ಲ. ಅದೇ ವರ್ಷದ ಚಳಿಗಾಲದ ಅವಧಿಯಲ್ಲಿ ‘ಜರ್ಮನ್ ಬೌದ್ಧಿಕ ಜೀವನ ಮತ್ತು ನಾಜಿವಾದ’ ಎಂಬ ವಿಷಯದ ಮೇಲೆ ಸರಣಿ ಉಪನ್ಯಾಸ ಏರ್ಪಡಿಸಿತು. ಪಶ್ಚಿಮ ಜರ್ಮನಿಯಲ್ಲಿ ಅಂಥ ಸರಣಿ ಅದೇ ಮೊದಲು. ಒಂದು ಉಪನ್ಯಾಸ ಜರ್ಮನ್ ಭಾಷೆ ಸಾಹಿತ್ಯಗಳ ಅಧ್ಯಯನ ಆ ಕಾಲದಲ್ಲಿ ಹೇಗಿತ್ತು ಎಂಬುದನ್ನೇ ಕುರಿತದ್ದು.

ಎರಡು ವರ್ಷಗಳ ಬಳಿಕ, 1966ರ ಅಕ್ಟೋಬರಿನಲ್ಲಿ, ಮ್ಯೂನಿಕ್‌ನಲ್ಲಿ ಜರ್ಮನ್ ಪ್ರಾಧ್ಯಾಪಕರ ಸಮ್ಮೇಳನ ಸೇರಿತು. ಯಾಕೋಬ್ ಗ್ರಿಮ್ ಅಧ್ಯಕ್ಷತೆಯ ಮೊದಲ ಸಮ್ಮೇಳನಕ್ಕೆ ಆಗ ಸರಿಯಾಗಿ 120 ವರ್ಷ. ಈ ಸಲದ ವಿಷಯ, ಜರ್ಮನ್ ಅಧ್ಯಯನ ಮತ್ತು ಸಾಹಿತ್ಯದಲ್ಲಿ ರಾಷ್ಟ್ರೀಯತಾವಾದ. ಎಬರ್ಹಾರ್ಡ್ ಲೆಮ್ಮರ್ಟ್, ಕಾರ್ಲ್ ಓಟೊ ಕೊನ್ರಾಡಿ, ವಾಲ್ಟರ್ ಕಿಲ್ಲಿ, ಪೀಟರ್ ಫಾನ್ ಪೋಲೆನ್ಸ್ ಈ ನಾಲ್ವರು ತಮ್ಮ ಗುರುಗಳ ತಲೆಮಾರಿನ ಎದುರು ನಿಂತು, ನಮ್ಮ ವಿಷಯವೇ ಹೇಗೆ ನಾಜಿಗಳಿಗೆ ಮೆತ್ತನೆಯ ಹಾಸಿಗೆಯಾಯಿತು ಎಂದು ವಿವರಿಸಿದರು. ಫಾನ್ ಪೋಲೆನ್ಸ್ ಮುಟ್ಟಿದ್ದು ಇನ್ನೂ ಸೂಕ್ಷ್ಮವಾದ ಜಾಗ. ಅನ್ಯಭಾಷೆಯ ಪದಗಳನ್ನು ಹೊರಹಾಕಿ ಭಾಷೆಯನ್ನು ‘ಶುದ್ಧ’ ಮಾಡುವ ಚಳವಳಿಗೂ ನಾಜಿವಾದಕ್ಕೂ ಇದ್ದ ನಂಟನ್ನು ಅವರು ಬಿಡಿಸಿ ತೋರಿಸಿದರು. ಈ ಭಾಷಣಗಳು 1967ರಲ್ಲಿ ಪುಸ್ತಕವಾದವು.

ಬೆಂಕಿ ಬಿದ್ದು ಅಷ್ಟರಲ್ಲಿ 33 ವರ್ಷವಾಗಿತ್ತು. ತಡವಾಯಿತು, ನಿಜ. ಆದರೆ ತನ್ನ ಮೇಲೆ ತಾನೇ ವಿಚಾರಣೆ ನಡೆಸಿಕೊಳ್ಳುವ ಸಮ್ಮೇಳನವನ್ನು ಎಷ್ಟು ವಿಭಾಗಗಳು ನಡೆಸುತ್ತವೆ ಹೇಳಿ?

ಹೆಸರು ಬದಲಿಸಿದ ಪ್ರಾಧ್ಯಾಪಕ

ಅಷ್ಟಕ್ಕೇ ಎಲ್ಲ ಬಯಲಾಯಿತೆಂದು ಅಲ್ಲ. ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ಶ್ವೆರ್ಟೆ ಎಂಬ ಜರ್ಮನ್ ಸಾಹಿತ್ಯದ ಪ್ರಾಧ್ಯಾಪಕರಿದ್ದರು. ಉದಾರವಾದಿ, ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚು. ಗಯಟೆಯ ಫೌಸ್ಟ್ ನಾಯಕನನ್ನು ಜರ್ಮನ್ ಅಭಿಮಾನದ ಬಾವುಟ ಮಾಡಿಕೊಂಡ ಪರಿಯನ್ನು ಟೀಕಿಸಿ ಅವರು ಬರೆದ ಪುಸ್ತಕಕ್ಕೆ ಮನ್ನಣೆಯಿತ್ತು. 1970ರಿಂದ 1973ರವರೆಗೆ ಕುಲಪತಿಯೂ ಆಗಿದ್ದರು.

1995ರಲ್ಲಿ ಹಾಲೆಂಡಿನ ಟಿ.ವಿ. ಪತ್ರಕರ್ತರು ಬೆನ್ನು ಹತ್ತಿದಾಗ ಅವರೇ ನಿಜ ಒಪ್ಪಿಕೊಂಡರು. ಹಾನ್ಸ್ ಶ್ವೆರ್ಟೆ ಎಂಬ ವ್ಯಕ್ತಿಯೇ ಇರಲಿಲ್ಲ. ಅವರು ಹಾನ್ಸ್ ಎರ್ನ್ಸ್ಟ್ ಶ್ನೈಡರ್, ಹಿಟ್ಲರನ ಎಸ್.ಎಸ್. ಪಡೆಯ ಅಧಿಕಾರಿ. ಯುದ್ಧ ಮುಗಿದಾಗ ಶ್ನೈಡರ್ ಸತ್ತನೆಂದು ದಾಖಲೆಯಾಯಿತು. ಹೊಸ ಹೆಸರಿನಲ್ಲಿ ಅವರು ತಮ್ಮದೇ ‘ವಿಧವೆ’ಯನ್ನು ಮತ್ತೆ ಮದುವೆಯಾದರು. ಮತ್ತೆ ಓದಿ ಹೊಸ ಡಾಕ್ಟರೇಟ್ ಪಡೆದರು. ಐವತ್ತು ವರ್ಷ ಹಾಗೆಯೇ ಬದುಕಿದರು. ಗುಟ್ಟು ಹೊರಬಿದ್ದ ಮೇಲೆ ಪ್ರಾಧ್ಯಾಪಕ ಪದವಿ, ಪಿಂಚಣಿ, ರಾಷ್ಟ್ರದ ಪದಕ ಎಲ್ಲ ಹೋದವು. 1999ರಲ್ಲಿ ತೀರಿಕೊಂಡರು.

ಆ ಮನುಷ್ಯ ನಿಜವಾಗಿ ಬದಲಾಗಿದ್ದರೇ, ಇಲ್ಲ ವೇಷ ಮಾತ್ರ ಬದಲಾಗಿತ್ತೇ? ಈ ಬಗ್ಗೆ ಜರ್ಮನಿಯಲ್ಲಿ ಪುಸ್ತಕಗಳೇ ಬಂದಿವೆ. ನನ್ನ ಮನಸ್ಸಿಗೆ ತಟ್ಟಿದ್ದು ಬೇರೆ. ಅವರ ಕಾಲದ ಎಷ್ಟೊಂದು ಸಮಾರಂಭಗಳ ಆಮಂತ್ರಣ ಪತ್ರಿಕೆಯಲ್ಲಿ ಆ ಹೆಸರು ಅಚ್ಚಾಗಿರಬೇಕು! ನನ್ನಂಥ ವರದಿಗಾರರು ‘ಅರ್ಥಪೂರ್ಣವಾಗಿ ಮಾತನಾಡಿದರು’ ಎಂದು ಎಷ್ಟು ಸಲ ಬರೆದಿರಬೇಕು!

ಬಾಗಿಲು ಅಗಲವಾದದ್ದು

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ಒಳ್ಳೆಯದೂ ನಡೆಯಿತು. 1959ರಲ್ಲಿ ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯ ಹೊಸ ಪದ್ಧತಿಯೊಂದನ್ನು ತಂದಿತು. ಸಾಹಿತ್ಯದ ಬಗ್ಗೆ ಪ್ರಾಧ್ಯಾಪಕರೇ ಯಾಕೆ ಮಾತನಾಡಬೇಕು, ಬರೆಯುವವರನ್ನೇ ಕರೆದು ಒಂದು ಅವಧಿಯ ಉಪನ್ಯಾಸ ಕೊಡಿಸೋಣ ಎಂದು. ಮೊದಲ ಕರೆ ಹೋದದ್ದು ಆಸ್ಟ್ರಿಯಾದ ಕವಯಿತ್ರಿ ಇಂಗೆಬೋರ್ಗ್ ಬಾಖ್ಮನ್ ಅವರಿಗೆ. ಆಗ ಅವರಿಗೆ 33 ವರ್ಷ. ಮುಂದೆ ಹೈನ್ರಿಖ್ ಬ್ಯೋಲ್ ಬಂದರು. 1982ರಲ್ಲಿ, ದೇಶ ಇಬ್ಭಾಗವಾಗಿದ್ದಾಗಲೇ, ಪೂರ್ವ ಜರ್ಮನಿಯ ಕ್ರಿಸ್ಟಾ ವೋಲ್ಫ್ ಬಂದರು. 1990ರಲ್ಲಿ ಬಂದ ಗುಂಟರ್ ಗ್ರಾಸ್ ಆಯ್ದುಕೊಂಡ ವಿಷಯ, ಆಶ್ವಿಟ್ಸ್ ಯಾತನಾ ಶಿಬಿರದ ನಂತರ ಬರೆಯುವುದು ಹೇಗೆ ಎಂಬುದು. ಇತರ ವಿಶ್ವವಿದ್ಯಾಲಯಗಳೂ ಇದೇ ದಾರಿ ಹಿಡಿದವು. ಟ್ಯೂಬಿಂಗೆನ್ನಿನಲ್ಲಿ ಅದು 1996ರಲ್ಲಿ ಶುರುವಾಯಿತು.

ಇನ್ನೊಂದು ಬಾಗಿಲು ಮ್ಯೂನಿಕ್‌ನಲ್ಲಿ ತೆರೆಯಿತು. ಅಲ್ಲಿ ಜರ್ಮನ್ನನ್ನು ಪರಭಾಷೆಯಾಗಿ ಕಲಿಸುವ ವಿಭಾಗದ ಪ್ರಾಧ್ಯಾಪಕ ಹರಾಲ್ಡ್ ವೈನ್‌ರಿಖ್ ಅವರ ಪ್ರೇರಣೆಯಿಂದ, ಮನೆಮಾತು ಜರ್ಮನ್ ಅಲ್ಲದ ಲೇಖಕರಿಗಾಗಿ 1985ರಲ್ಲಿ ಶಾಮಿಸ್ಸೊ ಹೆಸರಿನ ಪ್ರಶಸ್ತಿ ಆರಂಭವಾಯಿತು. ಶಾಮಿಸ್ಸೊ ಫ್ರಾನ್ಸಿನಲ್ಲಿ ಹುಟ್ಟಿ, ಕ್ರಾಂತಿಯ ಕಾಲದಲ್ಲಿ ಮನೆಯವರೊಡನೆ ಓಡಿ ಬಂದು, ಜರ್ಮನ್ ಕಲಿತು ಅದರಲ್ಲೇ ದೊಡ್ಡ ಲೇಖಕನಾದವನು. ಮೊದಲ ಪ್ರಶಸ್ತಿ ಪಡೆದ ಅರಸ್ ಓರೆನ್ ಇಸ್ತಾನ್‌ಬುಲ್‌ನಿಂದ ಬಂದು ಬರ್ಲಿನ್ನಿನಲ್ಲಿ ನೆಲೆಸಿದವರು. ಬರ್ಲಿನ್ನಿನ ತುರ್ಕಿ ಕಾರ್ಮಿಕರ ಬದುಕನ್ನು ಅವರು ಬರೆದದ್ದು ಹೆಚ್ಚಾಗಿ ತುರ್ಕಿಯಲ್ಲಿ, ಓದುಗರು ಓದಿದ್ದು ಜರ್ಮನ್‌ನಲ್ಲಿ. ಯಹೂದಿ ಬರೆದರೆ ‘ಅನುವಾದ’ ಎಂದು ಹಣೆಪಟ್ಟಿ ಹಚ್ಚಿ ಎಂದಿದ್ದ ದೇಶ, ಐವತ್ತೆರಡು ವರ್ಷಗಳ ಬಳಿಕ ನಿಜವಾದ ಅನುವಾದವನ್ನೇ ತನ್ನ ಸಾಹಿತ್ಯವೆಂದು ವೇದಿಕೆಗೆ ಕರೆಯಿತು. 2017ರಲ್ಲಿ ಆ ಪ್ರಶಸ್ತಿ ನಿಂತಿತು. ಅಷ್ಟು ಹೊತ್ತಿಗೆ ಅಂಥ ಲೇಖಕರು ಉಳಿದೆಲ್ಲ ಪ್ರಶಸ್ತಿಗಳನ್ನೂ ಪಡೆಯತೊಡಗಿದ್ದರು.

ಗೆಳೆಯರೇ, ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಭಾಷಾ ವಿಭಾಗಕ್ಕೆ ಕಾರ್ಯಕ್ರಮಗಳು ಯಾಕೆ ಬೇಕು? ತರಗತಿಯಲ್ಲಿ ಭಾಷೆ ಏನೆಂದು ಕಲಿಯುತ್ತೇವೆ. ಆ ಭಾಷೆ ಯಾರದು ಎಂಬುದು ತೀರ್ಮಾನವಾಗುವುದು ಸಭೆಗಳಲ್ಲಿ. ಯಾರನ್ನು ಕರೆದೆವು, ಯಾರನ್ನು ಬಿಟ್ಟೆವು, ಎದ್ದು ಪ್ರಶ್ನೆ ಕೇಳಿದವರಿಗೆ ಮೈಕು ಕೊಟ್ಟೆವೋ ಇಲ್ಲವೋ ಎಂಬುದರಲ್ಲಿ. ನಮ್ಮದನ್ನು ಅವರದಕ್ಕೆ ಹೋಲಿಸಲು ನಾನು ಬಂದಿಲ್ಲ. ಅಭಿಮಾನ ಬೇಡವೆಂದೂ ಹೇಳುವುದಿಲ್ಲ. ಗ್ರಿಮ್ ಸೋದರರಿಗೂ ಅಭಿಮಾನವಿತ್ತು, ಅದರಿಂದಲೇ ಆ ನಿಘಂಟು ಬಂತು. ಬೆಂಕಿ ಹಚ್ಚಿದವರೂ ಅಭಿಮಾನದ ಮಾತನ್ನೇ ಆಡಿದರು. ಎರಡಕ್ಕೂ ಇರುವ ವ್ಯತ್ಯಾಸ ಒಂದೇ. ಒಂದು ತನ್ನವರ ತಪ್ಪನ್ನು ಕೇಳಿಸಿಕೊಳ್ಳಬಲ್ಲದು, ಇನ್ನೊಂದಕ್ಕೆ ಆ ಕಿವಿಯೇ ಇಲ್ಲ.

ನಿಮ್ಮ ಸಂಘದ ಮುಂದಿನ ಕಾರ್ಯಕ್ರಮಕ್ಕೆ ಆಮಂತ್ರಣ ಪತ್ರಿಕೆ ಅಚ್ಚಿಗೆ ಕಳಿಸುವ ಮುನ್ನ ಒಮ್ಮೆ ಓದಿ ನೋಡಿ. ಇರುವ ಹೆಸರುಗಳನ್ನಲ್ಲ, ಇಲ್ಲದವನ್ನು. ಟ್ಯೂಬಿಂಗೆನ್ನಿನ ಹುಡುಗರ ಹಾಗೆ ಒಂದು ಗೋಡೆಪತ್ರಿಕೆಯನ್ನಾದರೂ ಮಾಡಿ.

ನನ್ನದೂ ಒಂದು ಬಾಕಿ ಉಳಿದಿದೆ. ಅವತ್ತು ಕೈಬಿಟ್ಟ ಆ ಮುಖ್ಯ ಅತಿಥಿಯ ಮನೆ ಇದೇ ಊರಿನಲ್ಲಿದೆ. ಯಾಕೆ ಕೈಬಿಟ್ಟರೆಂದು ನಾನು ಇನ್ನೂ ಕೇಳಿಲ್ಲ. ಈ ಭಾಷಣಕ್ಕೆ ಸಿದ್ಧತೆ ಮಾಡುವಾಗಲೆಲ್ಲ ಅದು ಚುಚ್ಚುತ್ತಿತ್ತು. ಇಲ್ಲಿಂದ ನೇರವಾಗಿ ಅಲ್ಲಿಗೇ ಹೋಗುತ್ತೇನೆ.